ರೋಮಿಯೋ-ಜೂಲಿಯೆಟ್ ಕಥೆಯ ಸಿನಿಮಾಗಳಲ್ಲಿ ಯಾವುದನ್ನು ಆರಿಸಬೇಕು?

ಕಥೆ ಎಲ್ಲರಿಗೂ ಗೊತ್ತು. ಎರಡು ಮನೆತನಗಳ ಹಗೆ, ನಡುವೆ ಇಬ್ಬರು ಎಳೆಯರ ಪ್ರೀತಿ, ಕೊನೆಗೆ ಇಬ್ಬರ ಸಾವು. ಆದರೆ ಇದೇ ಕಥೆಯನ್ನು ಇಟ್ಟುಕೊಂಡು ಎಷ್ಟೊಂದು ಸಿನಿಮಾಗಳು ಬಂದಿವೆ ಅಂದರೆ, ಒಂದನ್ನು ಆರಿಸಿ ಕೂರುವುದೇ ಕಷ್ಟ. ಜೋಡಿ ಚೆನ್ನಾಗಿದೆಯಾ, ಹಾಡು ಚೆನ್ನಾಗಿದೆಯಾ ಎಂದು ನೋಡಿ ಆರಿಸಬಹುದು, ತಪ್ಪೇನಿಲ್ಲ. ನಾನು ಮಾತ್ರ ಬೇರೆ ಪ್ರಶ್ನೆ ಕೇಳಿ ಆರಿಸುತ್ತೇನೆ. ಈ ಸಿನಿಮಾದಲ್ಲಿ ಆ ಇಬ್ಬರ ಸಾವಿಗೆ ಕಾರಣ ಯಾರು?

ಶೇಕ್ಸ್‌ಪಿಯರ್ ನಾಟಕದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ವಿಚಿತ್ರವಾಗಿದೆ. ಅಲ್ಲಿ ಸಾವಿಗೆ ತಕ್ಷಣದ ಕಾರಣ ತಲುಪದೇ ಹೋದ ಒಂದು ಪತ್ರ. ಪಾದ್ರಿ ಲಾರೆನ್ಸ್ ಜೂಲಿಯೆಟ್‌ಗೆ ಒಂದು ಔಷಧಿ ಕೊಡುತ್ತಾನೆ. ಕುಡಿದರೆ 42 ಗಂಟೆ ಸತ್ತವಳ ಹಾಗೆ ಮಲಗಿರುತ್ತಾಳೆ, ಆಮೇಲೆ ಏಳುತ್ತಾಳೆ. ಇದನ್ನು ತಿಳಿಸಲು ಊರಾಚೆ ಇರುವ ರೋಮಿಯೋಗೆ ಪತ್ರ ಬರೆದು ಇನ್ನೊಬ್ಬ ಪಾದ್ರಿಯ ಕೈಲಿ ಕೊಡುತ್ತಾನೆ. ಆ ಪಾದ್ರಿ ಪ್ಲೇಗ್ ಇರುವ ಮನೆಗೆ ಹೋಗಿ ಬಂದಿದ್ದಾನೆ ಅನ್ನುವ ಅನುಮಾನದ ಮೇಲೆ ಊರಿನ ಕಾವಲಿನವರು ಅವನನ್ನು ಒಳಗೇ ಕೂಡಿಹಾಕುತ್ತಾರೆ. ಪತ್ರ ಅಲ್ಲೇ ಉಳಿಯುತ್ತದೆ. ಕೊರೊನಾ ಕಾಲದಲ್ಲಿ ಮನೆಬಾಗಿಲಿಗೆ ಪಟ್ಟಿ ಹೊಡೆದಿದ್ದನ್ನು ನೋಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರೋಮಿಯೋಗೆ ಅವಳ ಸಾವಿನ ಸುಳ್ಳು ಸುದ್ದಿ ಮಾತ್ರ ತಲುಪುತ್ತದೆ.

ಆಮೇಲೆ ಬಂದ ಸಿನಿಮಾಗಳು ಈ ಪತ್ರವನ್ನು ಏನು ಮಾಡಿದವು ಎಂದು ನೋಡುತ್ತಾ ಹೋದರೆ, ಯಾವ ನಿರ್ದೇಶಕ ಏನು ಹೇಳಲು ಹೊರಟಿದ್ದಾನೆ ಎಂಬುದು ತಾನಾಗಿ ತಿಳಿಯುತ್ತದೆ. ಕೆಲವರು ಅದನ್ನು ವಿಧಿಯ ಆಟವಾಗಿಯೇ ಉಳಿಸಿಕೊಂಡರು. ಇನ್ನು ಕೆಲವರು ವಿಧಿಯನ್ನು ಪಕ್ಕಕ್ಕಿಟ್ಟು, ತಪ್ಪನ್ನು ಮನುಷ್ಯರ ಮೇಲೇ ಹೊರಿಸಿದರು. ನಿಮಗೆ ಯಾವುದು ಬೇಕು ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊನೆ ಹೇಳದೆ ಈ ಹೋಲಿಕೆ ಮಾಡಲು ಆಗುವುದಿಲ್ಲ. ಬೇರೆ ಸಿನಿಮಾಗಳ ಕೊನೆ ಗೊತ್ತಿದ್ದರೂ ನೋಡುವ ಸುಖಕ್ಕೆ ಜಾಸ್ತಿ ಧಕ್ಕೆ ಇಲ್ಲ. ಆದರೆ 'ಸೈರಾಟ್' ಇನ್ನೂ ನೋಡಿಲ್ಲ ಅಂದರೆ, ಆ ಭಾಗ ಬಂದಾಗ ಓದು ನಿಲ್ಲಿಸಿ, ಸಿನಿಮಾ ನೋಡಿ ಬನ್ನಿ.

ಮೂಲ ಮಾತುಗಳೇ ಬೇಕು ಅನ್ನುವವರಿಗೆ: 1968 ಅಥವಾ 1996

ಶೇಕ್ಸ್‌ಪಿಯರ್ ಬರೆದ ಮಾತುಗಳನ್ನೇ ಇಟ್ಟುಕೊಂಡ ಸಿನಿಮಾಗಳಲ್ಲಿ ಜನ ಇಂದಿಗೂ ನೋಡುವುದು ಎರಡು. ಫ್ರಾಂಕೋ ಜೆಫಿರೆಲ್ಲಿ 1968ರಲ್ಲಿ ಮಾಡಿದ್ದು ಒಂದು, ಬಾಜ್ ಲುಹ್ರ್‌ಮನ್ 1996ರಲ್ಲಿ ಮಾಡಿದ್ದು ಇನ್ನೊಂದು.

ಜೆಫಿರೆಲ್ಲಿ ಮಾಡಿದ ದೊಡ್ಡ ಕೆಲಸ ವಯಸ್ಸಿನದು. ನಾಟಕದ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ಆದರೆ 1936ರ ಹಾಲಿವುಡ್ ಸಿನಿಮಾದಲ್ಲಿ ರೋಮಿಯೋ ಆಗಿದ್ದ ಲೆಸ್ಲಿ ಹವರ್ಡ್‌ಗೆ 40 ದಾಟಿತ್ತು, ಜೂಲಿಯೆಟ್ ಆಗಿದ್ದ ನಾರ್ಮಾ ಶಿಯರರ್‌ಗೆ 30 ದಾಟಿತ್ತು. ಆ ವಯಸ್ಸಿನವರು ಮೊದಲ ನೋಟಕ್ಕೇ ಸೋತು ಮರುದಿನವೇ ಮದುವೆಯಾದರೆ ನಂಬುವುದು ಕಷ್ಟ ಅಲ್ವಾ? ಜೆಫಿರೆಲ್ಲಿ 17ರ ಲಿಯೊನಾರ್ಡ್ ವೈಟಿಂಗ್‌ನನ್ನೂ 15ರ ಒಲಿವಿಯಾ ಹಸ್ಸಿಯನ್ನೂ ಕರೆತಂದರು. ತಕ್ಷಣ ಕಥೆ ಅರ್ಥವಾಯಿತು. ಆ ಅವಸರ, ಆ ಅಳು, ಆ ಹಟ ಎಲ್ಲವೂ ಆ ವಯಸ್ಸಿನದು. ಇಟಲಿಯ ಪಿಯೆಂಜಾ, ಗುಬ್ಬಿಯೊ ಥರದ ಹಳೆಯ ಊರುಗಳಲ್ಲಿ ಚಿತ್ರೀಕರಣ, ನೀನೋ ರೋಟಾ ಸಂಗೀತ. ಛಾಯಾಗ್ರಹಣಕ್ಕೂ ವಸ್ತ್ರವಿನ್ಯಾಸಕ್ಕೂ ಆಸ್ಕರ್ ಬಂತು. ಕಲ್ಲಿನ ಗೋಡೆ, ಧೂಳು, ಬಿಸಿಲು ಎಲ್ಲ ಮೈಗೆ ತಾಕಿದ ಹಾಗಿರುತ್ತದೆ.

ಆ ಎಳೆತನಕ್ಕೆ ಒಂದು ಬೆಲೆಯೂ ಇತ್ತು. ಅದರಲ್ಲಿನ ನಗ್ನ ದೃಶ್ಯದ ಬಗ್ಗೆ ಇಬ್ಬರು ನಟರೂ 2022ರ ಕೊನೆಯಲ್ಲಿ ಅಮೆರಿಕದಲ್ಲಿ ದಾವೆ ಹೂಡಿದರು. 2023ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ತೀರ್ಪು ಏನೇ ಇರಲಿ, ಆ ಮಕ್ಕಳ ವಯಸ್ಸು ಗೊತ್ತಾದ ಮೇಲೆ ಆ ದೃಶ್ಯವನ್ನು ಮೊದಲಿನ ಹಾಗೆ ನೋಡಲು ನನಗೆ ಆಗುವುದಿಲ್ಲ. ಆರಿಸುವ ಮುಂಚೆ ಇದು ನಿಮಗೂ ಗೊತ್ತಿರಲಿ.

ಪತ್ರದ ವಿಷಯಕ್ಕೆ ಬಂದರೆ, ಇಲ್ಲಿ ಪ್ಲೇಗಿನ ಮಾತಿಲ್ಲ. ಪತ್ರ ಹೊತ್ತ ಪಾದ್ರಿ ಕತ್ತೆಯ ಮೇಲೆ ನಿಧಾನಕ್ಕೆ ಹೋಗುತ್ತಿರುತ್ತಾನೆ. ಸುಳ್ಳು ಸುದ್ದಿ ಹೊತ್ತ ಆಳು ಕುದುರೆಯ ಮೇಲೆ ಅವನನ್ನು ದಾಟಿ ಹೋಗುತ್ತಾನೆ. ಮಾತೇ ಇಲ್ಲದ ಒಂದು ದೃಶ್ಯ. ನೋಡುವವರಿಗೆ ಮಾತ್ರ ಎದೆ ಧಸಕ್ ಅನ್ನುತ್ತದೆ.

ಲುಹ್ರ್‌ಮನ್ ಸಿನಿಮಾ ಇದಕ್ಕೆ ಪೂರ್ತಿ ಉಲ್ಟಾ. ಊರಿನ ಹೆಸರು ವೆರೋನಾ ಬೀಚ್, ಚಿತ್ರೀಕರಣ ಮೆಕ್ಸಿಕೊದಲ್ಲಿ. ಹುಡುಗರು ಹೂವಿನ ಶರ್ಟು ಹಾಕಿ ಕಾರಿನಲ್ಲಿ ಸುತ್ತುತ್ತಾರೆ. ಕತ್ತಿಯ ಬದಲು ಪಿಸ್ತೂಲು, ಆದರೆ ಪಿಸ್ತೂಲಿನ ಮೇಲೆ ಬ್ರ್ಯಾಂಡಿನ ಹೆಸರಾಗಿ ಕತ್ತಿ ಎಂದೇ ಬರೆದಿದೆ. ಹೀಗಾಗಿ ಹಳೆಯ ಮಾತುಗಳನ್ನು ಬದಲಿಸಬೇಕಾಗಿಯೇ ಇಲ್ಲ. ನಾಟಕದ ಮುನ್ನುಡಿಯನ್ನು ಟಿವಿ ವಾರ್ತೆ ಓದುವವಳು ಹೇಳುತ್ತಾಳೆ. ಲಿಯೊನಾರ್ಡೊ ಡಿಕಾಪ್ರಿಯೊ ಮತ್ತು ಕ್ಲೇರ್ ಡೇನ್ಸ್ ಮೊದಲ ಸಲ ಒಬ್ಬರನ್ನೊಬ್ಬರು ನೋಡುವುದು ಮೀನಿನ ತೊಟ್ಟಿಯ ಆಚೆ ಈಚೆ ನಿಂತು. ಬಾಲ್ಕನಿ ದೃಶ್ಯದ ಹೆಚ್ಚಿನ ಭಾಗ ಈಜುಕೊಳದ ನೀರಿನಲ್ಲೇ ನಡೆಯುತ್ತದೆ. ಈ ಪಾತ್ರಕ್ಕೆ ಡಿಕಾಪ್ರಿಯೊಗೆ 1997ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಬಂತು. 'ಟೈಟಾನಿಕ್' ಅದರ ನಂತರದ ಮಾತು.

ಇಲ್ಲಿ ಪತ್ರ ಕೊರಿಯರ್‌ನಲ್ಲಿ ಬರುತ್ತದೆ. ಕೊರಿಯರ್‌ನವನು ಬಂದಾಗ ರೋಮಿಯೋ ಸಿಗುವುದಿಲ್ಲ. ಮರುಭೂಮಿಯಲ್ಲಿರುವ ಅವನ ಗಾಡಿಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗುತ್ತಾನೆ. ಆ ಚೀಟಿ ಅವನ ಕಣ್ಣಿಗೇ ಬೀಳುವುದಿಲ್ಲ. ಕೊನೆಯ ದೃಶ್ಯದಲ್ಲಿ ಲುಹ್ರ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ನಾಟಕದಲ್ಲಿ ಜೂಲಿಯೆಟ್ ಕಣ್ಣು ಬಿಡುವ ಹೊತ್ತಿಗೆ ರೋಮಿಯೋ ಸತ್ತಿರುತ್ತಾನೆ. ಇಲ್ಲಿ ಅವನು ವಿಷ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೇ ಅವಳ ಕೈ ಅವನ ಕೆನ್ನೆ ಮುಟ್ಟುತ್ತದೆ. ಇಬ್ಬರಿಗೂ ಗೊತ್ತಾಗುತ್ತದೆ, ಆದರೆ ಕಾಲ ಮೀರಿದೆ. ಇದು ಹೊಸ ಯೋಚನೆಯೇನಲ್ಲ. ಲಂಡನ್ನಿನ ನಟ ಡೇವಿಡ್ ಗ್ಯಾರಿಕ್ 1748ರಲ್ಲೇ ರಂಗದ ಮೇಲೆ ಜೂಲಿಯೆಟ್‌ಳನ್ನು ಮೊದಲೇ ಎಬ್ಬಿಸಿ, ಇಬ್ಬರಿಗೂ ಮಾತು ಕೊಟ್ಟಿದ್ದ.

ಎರಡರಲ್ಲಿ ಒಂದು ಹೇಳಿ ಅಂದರೆ? ನಾಟಕ ಓದಿಲ್ಲದವರು, ಕಾಲೇಜಿನಲ್ಲಿ ಇಂಗ್ಲಿಷ್ ಪಠ್ಯವಾಗಿ ಓದುತ್ತಿರುವವರು 1968ರದ್ದನ್ನು ಆರಿಸಿ. ಕಥೆಯ ನಡೆ ಅದರಲ್ಲಿ ಸ್ಪಷ್ಟ. ಕಥೆ ಬಾಯಿಪಾಠ ಆಗಿದ್ದರೆ 1996ರದ್ದು. ಅದು ಮೊದಲ ಇಪ್ಪತ್ತು ನಿಮಿಷ ಕಣ್ಣಿಗೂ ಕಿವಿಗೂ ರಾಚುತ್ತದೆ. ಸ್ವಲ್ಪ ತಾಳಿಕೊಂಡರೆ ಆಮೇಲೆ ನಿಮ್ಮನ್ನು ಬಿಡುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ನಾಟಕದಲ್ಲಿ ಮಕ್ಕಳ ಹೆಣದ ಮುಂದೆ ಅಪ್ಪಂದಿರು ಕೈ ಕೈ ಹಿಡಿಯುತ್ತಾರೆ, ಚಿನ್ನದ ಪ್ರತಿಮೆ ಮಾಡಿಸುವ ಮಾತಾಡುತ್ತಾರೆ. ಲುಹ್ರ್‌ಮನ್ ಆ ಸಮಾಧಾನವನ್ನು ಕೊಡುವುದಿಲ್ಲ. ಹೆಣಗಳು ಗಾಡಿಗೆ ಹೋಗುತ್ತವೆ, ಕೊನೆಯ ಸಾಲುಗಳನ್ನು ಟಿವಿಯಲ್ಲಿ ಓದಲಾಗುತ್ತದೆ, ಅಷ್ಟೇ.

'ವೆಸ್ಟ್ ಸೈಡ್ ಸ್ಟೋರಿ': 1961ರದ್ದೋ, 2021ರದ್ದೋ?

ಇಲ್ಲಿಂದ ವಿಧಿ ಹಿಂದೆ ಸರಿಯುತ್ತದೆ. ನೃತ್ಯ ನಿರ್ದೇಶಕ ಜೆರೋಮ್ ರಾಬಿನ್ಸ್‌ಗೆ 1949ರಲ್ಲಿ ಮೊದಲು ಹೊಳೆದದ್ದು ನ್ಯೂಯಾರ್ಕಿನ ಯಹೂದಿ ಮತ್ತು ಕ್ಯಾಥೊಲಿಕ್ ಕುಟುಂಬಗಳ ಕಥೆ. ಅದು ಬದಲಾಗಿ 1957ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದಾಗ ಎರಡು ಹುಡುಗರ ಗುಂಪುಗಳ ಕಥೆಯಾಗಿತ್ತು. ಒಂದು ಬಿಳಿಯರ ಜೆಟ್ಸ್, ಇನ್ನೊಂದು ಪೋರ್ಟೊ ರಿಕೊದಿಂದ ಬಂದವರ ಶಾರ್ಕ್ಸ್. ಸಂಗೀತ ಲಿಯೊನಾರ್ಡ್ ಬರ್ನ್‌ಸ್ಟೈನ್, ಹಾಡುಗಳ ಸಾಹಿತ್ಯ ಸ್ಟೀಫನ್ ಸೊಂಡ್‌ಹೈಮ್.

ಇದರಲ್ಲಿ ಪತ್ರದ ಜಾಗಕ್ಕೆ ಅನಿತಾ ಬರುತ್ತಾಳೆ. ಅವಳು ಈ ಕಥೆಯ ಜೂಲಿಯೆಟ್ ಆದ ಮರಿಯಾಳ ಅಣ್ಣನ ಪ್ರೇಯಸಿ. ಆ ಅಣ್ಣನನ್ನು ಕೊಂದವನು ಮರಿಯಾ ಪ್ರೀತಿಸುವ ಟೋನಿಯೇ. ಆದರೂ ಅನಿತಾ ಮನಸ್ಸು ಗಟ್ಟಿ ಮಾಡಿಕೊಂಡು, ಮರಿಯಾಳ ಸಂದೇಶ ಹೊತ್ತು ಟೋನಿ ಅಡಗಿರುವ ಅಂಗಡಿಗೆ ಹೋಗುತ್ತಾಳೆ. ಅಲ್ಲಿದ್ದ ಜೆಟ್ಸ್ ಹುಡುಗರು ಅವಳ ಮೇಲೆ ಎರಗುತ್ತಾರೆ. ಅವಮಾನ, ಸಿಟ್ಟು ತಡೆಯಲಾರದೆ ಅವಳು ಸುಳ್ಳು ಹೇಳಿಬಿಡುತ್ತಾಳೆ: ಮರಿಯಾ ಸತ್ತಳು. ಆ ಸುಳ್ಳಿನಿಂದಲೇ ಟೋನಿ ಬೀದಿಗೆ ಬಂದು ಗುಂಡಿಗೆ ಸಿಗುತ್ತಾನೆ.

ನೋಡಿ, ಸುದ್ದಿ ಇಲ್ಲಿಯೂ ತಲುಪಲಿಲ್ಲ. ಆದರೆ ಅದನ್ನು ತಡೆದದ್ದು ಪ್ಲೇಗ್ ಅಲ್ಲ, ಕೆಟ್ಟ ಗಳಿಗೆಯೂ ಅಲ್ಲ. ದ್ವೇಷವೇ ಬಾಗಿಲಲ್ಲಿ ನಿಂತು ತಡೆಯಿತು. ಈ ಕಥೆಯ ಮರುಹುಟ್ಟುಗಳಲ್ಲಿ ಇಷ್ಟು ಜಾಣ ಬದಲಾವಣೆ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಇನ್ನೊಂದು ಬದಲಾವಣೆ ಮರಿಯಾಳದು. ಅವಳು ಸಾಯುವುದಿಲ್ಲ. ಪಿಸ್ತೂಲು ಕೈಗೆತ್ತಿಕೊಂಡು ಎರಡೂ ಗುಂಪುಗಳಿಗೆ ಗುರಿಯಿಡುತ್ತಾಳೆ, ಹೊಡೆಯಲಾರದೆ ಬಿಟ್ಟುಬಿಡುತ್ತಾಳೆ.

1961ರ ಸಿನಿಮಾಗೆ ಶ್ರೇಷ್ಠ ಚಿತ್ರವೂ ಸೇರಿ 10 ಆಸ್ಕರ್ ಬಂದವು. ಕುಣಿತ ನೋಡಬೇಕು ಅಂದರೆ ಅದೇ ಸರಿ. ಆದರೆ ಪೋರ್ಟೊ ರಿಕೊದ ಮರಿಯಾ ಆಗಿ ನಟಿಸಿದ ನಟಾಲಿ ವುಡ್ ಆ ಕಡೆಯವಳಲ್ಲ, ಹಾಡುಗಳಿಗೆ ದನಿ ಮಾರ್ನಿ ನಿಕ್ಸನ್‌ಳದು. ಅಣ್ಣನ ಪಾತ್ರ ಮಾಡಿದ ಜಾರ್ಜ್ ಚಕಿರಿಸ್ ಗ್ರೀಕ್ ಮೂಲದವರು, ಮುಖಕ್ಕೆ ಕಂದು ಬಣ್ಣ ಬಳಿದಿದ್ದರು. ಅನಿತಾ ಆಗಿ ಆಸ್ಕರ್ ಗೆದ್ದ ರೀಟಾ ಮೊರೆನೊ ಮಾತ್ರ ನಿಜಕ್ಕೂ ಪೋರ್ಟೊ ರಿಕೊದವರು.

ಸ್ಟೀವನ್ ಸ್ಪೀಲ್‌ಬರ್ಗ್ 2021ರಲ್ಲಿ ಇದನ್ನು ಮತ್ತೆ ಮಾಡಿದಾಗ ಶಾರ್ಕ್ಸ್ ಕಡೆಯವರಿಗೆ ಲ್ಯಾಟಿನ್ ಅಮೆರಿಕದ ಮೂಲದ ನಟರನ್ನೇ ತಂದರು. ಸ್ಪ್ಯಾನಿಷ್ ಮಾತುಗಳಿಗೆ ಬೇಕೆಂದೇ ಇಂಗ್ಲಿಷ್ ಸಬ್‌ಟೈಟಲ್ ಹಾಕಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡೂ ಗುಂಪುಗಳು ಕಾದಾಡುತ್ತಿರುವ ಬೀದಿಗಳನ್ನೇ ಕೆಡವಲಾಗುತ್ತಿದೆ ಎಂದು ಮೊದಲ ದೃಶ್ಯದಲ್ಲೇ ತೋರಿಸಿದರು. ಇದು ಇತಿಹಾಸ. ನ್ಯೂಯಾರ್ಕಿನ ಸ್ಯಾನ್ ಹುವಾನ್ ಹಿಲ್ ಬಡಾವಣೆಯನ್ನು ನೆಲಸಮ ಮಾಡಿಯೇ ಲಿಂಕನ್ ಸೆಂಟರ್ ಕಟ್ಟಿದರು. ಯಾರಿಗೂ ಉಳಿಯದ ನೆಲಕ್ಕಾಗಿ ಬಡವರ ಮಕ್ಕಳು ಬಡಿದಾಡಿಕೊಂಡು ಸಾಯುತ್ತಾರೆ. ಹಗೆಗೆ ಕಾರಣವೇ ಇಲ್ಲದ ಮೂಲ ಕಥೆಗೆ ಇಲ್ಲಿ ಒಂದು ಕಾರಣ ಸಿಕ್ಕಿತು.

ರೀಟಾ ಮೊರೆನೊ ಇದರಲ್ಲೂ ಇದ್ದಾರೆ, ಅಂಗಡಿಯ ಒಡತಿ ವ್ಯಾಲೆಂಟಿನಾ ಆಗಿ. ಹೊಸ ಅನಿತಾಳ ಮೇಲೆ ಹುಡುಗರು ಎರಗಿದಾಗ ಒಳಗೆ ಬಂದು ತಡೆಯುವುದು ಅವರೇ. 60 ವರ್ಷದ ಹಿಂದೆ ಅದೇ ದೃಶ್ಯದಲ್ಲಿ ಅನಿತಾ ಆಗಿದ್ದವರು ಅವರು! ಈ ಒಂದು ದೃಶ್ಯಕ್ಕಾಗಿ ಎರಡನ್ನೂ ನೋಡಿ ಅನ್ನುತ್ತೇನೆ, 1961ರದ್ದು ಮೊದಲು. ಎರಡೂ ಎರಡೂವರೆ ಗಂಟೆಯ ಸಿನಿಮಾಗಳು, ಒಂದೇ ದಿನ ಬೇಡ. ಒಂದೇ ಸಾಕು ಅನ್ನುವವರಿಗೆ 2021ರದ್ದು.

ಹಿಂದಿಯ ಎರಡು ದಾರಿಗಳು

ಈ ಕಥೆ ನಮ್ಮಲ್ಲಿಗೆ ಬಂದು ಬಹಳ ಕಾಲವಾಯಿತು. 19ನೇ ಶತಮಾನದಲ್ಲೇ ಕನ್ನಡದಲ್ಲಿ 'ರಾಮವರ್ಮ ಲೀಲಾವತಿ' ಎಂಬ ನಾಟಕವಾಗಿ ರೂಪ ತಾಳಿತ್ತು. ಸಿನಿಮಾದಲ್ಲಿ ಹೊಸ ತಲೆಮಾರಿಗೆ ಇದನ್ನು ತಂದದ್ದು 1988ರ 'ಕಯಾಮತ್ ಸೇ ಕಯಾಮತ್ ತಕ್'. ನಿರ್ದೇಶನ ಮನ್ಸೂರ್ ಖಾನ್, ಜೋಡಿ ಆಮೀರ್ ಖಾನ್ ಮತ್ತು ಜೂಹಿ ಚಾವ್ಲಾ. ಹಿಂದಿಯವರಿಗೆ ಜೂಹಿ ಆಗ ಹೆಚ್ಚುಕಡಿಮೆ ಹೊಸ ಮುಖ. ನಮಗಲ್ಲ, ಹಿಂದಿನ ವರ್ಷವೇ 'ಪ್ರೇಮಲೋಕ'ದಲ್ಲಿ ರವಿಚಂದ್ರನ್ ಜೊತೆ ನೋಡಿದ್ದೆವು.

ಇದರ ಹೆಚ್ಚುಗಾರಿಕೆ ಹಗೆಯ ಬೇರಿನಲ್ಲಿದೆ. ಶೇಕ್ಸ್‌ಪಿಯರ್ ಮನೆಗಳ ಜಗಳ ಯಾಕೆ ಶುರುವಾಯಿತು ಎಂದು ಹೇಳುವುದೇ ಇಲ್ಲ. ಇಲ್ಲಿ ಅದು ಒಂದು ಮೋಸದ ಪ್ರೀತಿಯಿಂದ ಹುಟ್ಟುತ್ತದೆ. ಗರ್ಭಿಣಿಯಾದ ಹುಡುಗಿಯನ್ನು ಹುಡುಗ ಕೈಬಿಡುತ್ತಾನೆ, ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ, ಅವಳ ಅಣ್ಣ ಅವನನ್ನು ಕೊಂದು ಜೈಲಿಗೆ ಹೋಗುತ್ತಾನೆ. ಆ ಅಣ್ಣನ ಮಗನೇ ನಾಯಕ. ಒಂದು ಪ್ರೀತಿ ತಂದಿಟ್ಟ ಹಗೆಗೆ ಇನ್ನೊಂದು ಪ್ರೀತಿ ಬಲಿಯಾಗುತ್ತದೆ. ಪತ್ರದ ಗೊಡವೆಯೇ ಇಲ್ಲ. ಹುಡುಗಿಯ ಅಪ್ಪ ಹುಡುಗನನ್ನು ಕೊಲ್ಲಲು ಜನ ಕಳಿಸುತ್ತಾನೆ, ಗುಂಡು ಮಗಳಿಗೇ ಬೀಳುತ್ತದೆ. ಹುಡುಗ ಚೂರಿಯಿಂದ ತಿವಿದುಕೊಂಡು ಅವಳ ಪಕ್ಕದಲ್ಲೇ ಒರಗುತ್ತಾನೆ. ಕೊಂದವರು ಯಾರು ಅನ್ನುವುದರಲ್ಲಿ ಅನುಮಾನಕ್ಕೆ ಜಾಗವಿಲ್ಲ.

ಸಂಜಯ್ ಲೀಲಾ ಬನ್ಸಾಲಿ 2013ರಲ್ಲಿ ಮಾಡಿದ 'ಗೋಲಿಯೋಂ ಕಿ ರಾಸ್‌ಲೀಲಾ ರಾಮ್-ಲೀಲಾ' ಬಣ್ಣದಲ್ಲಿ, ಅಬ್ಬರದಲ್ಲಿ ಬೇರೆಯೇ ಲೋಕ. ಗುಜರಾತಿನ ಒಂದು ಊರು, ತರಕಾರಿ ಮಾರಿದ ಹಾಗೆ ಬಂದೂಕು ಮಾರುವ ಸಂತೆ, ರಜಾಡಿ ಮತ್ತು ಸನೇಡಾ ಎಂಬ ಎರಡು ಬಣ. ದೀಪಿಕಾ ಪಡುಕೋಣೆಯ ಲೀಲಾ ಅಳುತ್ತಾ ಕೂರುವವಳಲ್ಲ. ಕೊನೆಗೆ ಅವಳೇ ತನ್ನ ಬಣದ ಯಜಮಾನಿಕೆ ಹಿಡಿಯುತ್ತಾಳೆ, ನಾಯಕ ರಾಮ್ ಅವನ ಬಣದ್ದು. ಹಗೆಯನ್ನು ನಿಲ್ಲಿಸುವ ಅಧಿಕಾರ ಇಬ್ಬರ ಕೈಗೂ ಬಂದ ಮೇಲೂ ನಿಲ್ಲಿಸಲು ಆಗುವುದಿಲ್ಲ. ಇಲ್ಲಿ ನಿಜಕ್ಕೂ ಹೊಸ ಯೋಚನೆ ಇತ್ತು. ಆದರೆ ಬನ್ಸಾಲಿ ಅದರ ಮೇಲೆ ನಿಲ್ಲುವುದಿಲ್ಲ, ಮುಂದಿನ ಹಾಡಿಗೆ ಹೊರಟುಬಿಡುತ್ತಾರೆ. ಮನೆತನಗಳು ರಾಜಿಯಾದ ಸುದ್ದಿ ತಲುಪುವ ಮುಂಚೆ ಇಬ್ಬರೂ ಒಬ್ಬರಿಗೊಬ್ಬರು ಗುಂಡು ಹಾರಿಸಿಕೊಳ್ಳುತ್ತಾರೆ. ಅಂದರೆ ಹಳೆಯ ಪತ್ರದ ಆಟ ಇಲ್ಲಿ ಮತ್ತೆ ಬಂತು. ಸುಪ್ರಿಯಾ ಪಾಠಕ್ ಅವರ ತಾಯಿ ಪಾತ್ರಕ್ಕಾಗಿ, ಗರ್ಬಾ ಹಾಡುಗಳಿಗಾಗಿ ನೋಡಿ. ಎದೆಗೆ ತಾಕಬೇಕು ಅನ್ನುವವರಿಗೆ 1988ರದ್ದೇ ವಾಸಿ.

'ಸೈರಾಟ್' ಮತ್ತು ಅದರ ರಿಮೇಕುಗಳು

ನಾಗರಾಜ್ ಮಂಜುಳೆ 2016ರಲ್ಲಿ ಮಾಡಿದ ಈ ಮರಾಠಿ ಸಿನಿಮಾ ರೋಮಿಯೋ-ಜೂಲಿಯೆಟ್ ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಶೇಕ್ಸ್‌ಪಿಯರ್ ನಾಟಕ ಶುರುವಾಗುವುದೇ ಎರಡೂ ಮನೆಗಳು ಅಂತಸ್ತಿನಲ್ಲಿ ಸಮ ಎಂಬ ಮಾತಿನಿಂದ. ಮೇಲೆ ಹೇಳಿದ ಹಿಂದಿ ಸಿನಿಮಾಗಳಲ್ಲೂ ಹಾಗೆಯೇ, ಇಬ್ಬರೂ ಬಲ ಇರುವ ಮನೆಯವರು. ಮಂಜುಳೆ ಆ ಸಮಾನತೆಯನ್ನೇ ಕಿತ್ತು ಹಾಕಿದರು. ಆರ್ಚಿ ಊರಿನ ರಾಜಕಾರಣ ಹಿಡಿದಿರುವ ಪಾಟೀಲನ ಮಗಳು. ಪರ್ಶ್ಯಾ ಮೀನು ಹಿಡಿಯುವವರ ಮಗ, ಕೆಳಗಿನ ಜಾತಿಯವನು. ಇದು ಎರಡು ಮನೆಗಳ ಹಗೆಯಲ್ಲ. ಒಂದೇ ಕಡೆಗೆ ಕೈ ಎತ್ತುವ ಬಲ ಇದೆ.

ಸೊಲ್ಲಾಪುರ ಜಿಲ್ಲೆಯ ಕರಮಾಳಾ ಕಡೆಯ ನೆಲ ಅದು. ಕಬ್ಬು, ಬಾಳೆತೋಟ, ಮೆಟ್ಟಿಲಿರುವ ಬಾವಿ, ಸಕ್ಕರೆ ಕಾರ್ಖಾನೆಯ ರಾಜಕೀಯ. ವಿಜಯಪುರ, ಕಲಬುರಗಿ ಕಡೆಯವರಿಗೆ ಅದು ಪಕ್ಕದ ಊರು. ಆರ್ಚಿ ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ, ಹುಡುಗನನ್ನು ಅವಳೇ ದಿಟ್ಟಿಸಿ ನೋಡುತ್ತಾಳೆ. ಆ ಪಾತ್ರ ಮಾಡಿದ ರಿಂಕು ರಾಜಗುರು ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ, ಹೆಚ್ಚುಕಡಿಮೆ ನಾಟಕದ ಜೂಲಿಯೆಟ್ ವಯಸ್ಸಿನವಳು. ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಅವಳಿಗೆ ಸಿಕ್ಕಿತು. ಅಜಯ್-ಅತುಲ್ ಹಾಡುಗಳಿಗೆ ಮಹಾರಾಷ್ಟ್ರದಾಚೆಯೂ ಜನ ಕುಣಿದರು.

ಹಾಡುಗಳೆಲ್ಲ ಬರುವುದು ಮೊದಲ ಅರ್ಧದಲ್ಲಿ. ಎರಡನೇ ಅರ್ಧದಲ್ಲಿ ಓಡಿಹೋದ ಇಬ್ಬರೂ ಹೈದರಾಬಾದಿನ ಕೊಳೆಗೇರಿಯಲ್ಲಿ ಬದುಕು ಕಟ್ಟಿಕೊಳ್ಳುತ್ತಾರೆ. ಅವನು ದೋಸೆ ಹೊಯ್ಯುತ್ತಾನೆ, ಅವಳು ಕಾರ್ಖಾನೆ ಕೆಲಸಕ್ಕೆ ಹೋಗುತ್ತಾಳೆ, ತೆಲುಗು ಕಲಿಯುತ್ತಾಳೆ. ಜಗಳ ಆಡುತ್ತಾರೆ, ಅನುಮಾನ ಪಡುತ್ತಾರೆ, ಮತ್ತೆ ಒಂದಾಗುತ್ತಾರೆ. ನಾಟಕದಲ್ಲಿ ಎಲ್ಲವೂ ಐದು ದಿನದೊಳಗೆ ಮುಗಿದುಹೋಗುತ್ತದೆ, ರೋಮಿಯೋಗೂ ಜೂಲಿಯೆಟ್‌ಗೂ ಮನೆ ನಡೆಸುವ ಕಷ್ಟವೇ ಬರುವುದಿಲ್ಲ. ಇವರಿಗೆ ಬಂತು. ಅದನ್ನು ಗೆದ್ದರು ಕೂಡ. ಮಗು ಹುಟ್ಟಿತು.

ಆಗ ಆರ್ಚಿ ಅಮ್ಮನಿಗೆ ಫೋನ್ ಮಾಡುತ್ತಾಳೆ. ಸಂದೇಶ ಈ ಸಲ ತಲುಪುತ್ತದೆ. ಅಣ್ಣ ಮತ್ತು ಮನೆಯವರು ಉಡುಗೊರೆ ಹಿಡಿದು ಬಾಗಿಲಿಗೆ ಬರುತ್ತಾರೆ. ಅವಳು ಚಹಾ ಮಾಡಿ ಕೊಡುತ್ತಾಳೆ. ಮುಂದಿನದನ್ನು ಮಂಜುಳೆ ಸಂಗೀತವೇ ಇಲ್ಲದೆ ತೋರಿಸುತ್ತಾರೆ. ನಾಲ್ಕು ಶತಮಾನಗಳಿಂದ ನಾವು ಪತ್ರ ತಲುಪಿದ್ದರೆ ಉಳಿಯುತ್ತಿದ್ದರು ಎಂದು ಮರುಗುತ್ತಾ ಬಂದಿದ್ದೇವೆ. ಇಲ್ಲಿ ತಲುಪಿದ್ದಕ್ಕೇ ಸತ್ತರು. ಮರ್ಯಾದೆಗೇಡು ಹತ್ಯೆಯ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲೂ ಬರುತ್ತಲೇ ಇರುವಾಗ, ಇದಕ್ಕಿಂತ ನಿಜವಾದ ಬದಲಾವಣೆ ಇನ್ನೇನಿದೆ?

ಕನ್ನಡದಲ್ಲಿ ಇದು 2017ರಲ್ಲಿ 'ಮನಸು ಮಲ್ಲಿಗೆ' ಆಗಿ ಬಂತು. ನಿರ್ದೇಶನ ಎಸ್. ನಾರಾಯಣ್, ನಾಯಕಿ ರಿಂಕು ರಾಜಗುರು ಅವರೇ. ಹಿಂದಿಯಲ್ಲಿ 2018ರ 'ಧಡಕ್', ಜಾಹ್ನವಿ ಕಪೂರ್ ಮತ್ತು ಇಶಾನ್ ಖಟ್ಟರ್ ಜೋಡಿ. 'ಧಡಕ್' ಕಥೆಯನ್ನು ಉದಯಪುರದ ಅರಮನೆಗಳಿಗೆ, ಅಲ್ಲಿಂದ ಕೋಲ್ಕತ್ತಾಗೆ ಒಯ್ದಿತು. ಜಾತಿಯ ಮಾತು ತೆಳುವಾಯಿತು. ಕೊನೆಯಲ್ಲಿ ಗಂಡ ಮತ್ತು ಮಗು ಸಾಯುತ್ತಾರೆ, ಅವಳು ಉಳಿಯುತ್ತಾಳೆ. ಆಘಾತ ಅಲ್ಲೂ ಇದೆ. ಆದರೆ ಇವರನ್ನು ಯಾಕೆ ಕೊಂದರು ಎಂಬ ಪ್ರಶ್ನೆಗೆ ಆ ಸಿನಿಮಾದಲ್ಲಿ ಗಟ್ಟಿ ಉತ್ತರ ಸಿಗುವುದಿಲ್ಲ. ಮಂಜುಳೆ ಸಿನಿಮಾದಲ್ಲಿ ತರಗತಿಯಲ್ಲಿ ಪಾಠ ಮಾಡುತ್ತಿರುವ ದಲಿತ ಮೇಷ್ಟರಿಗೆ ಪಾಟೀಲನ ಮಗ ಕಪಾಳಕ್ಕೆ ಹೊಡೆಯುತ್ತಾನೆ. ಕೊನೆಯ ಕೊಲೆಗೆ ಬೇಕಾದ ಉತ್ತರ ಆ ಹೊಡೆತದಲ್ಲೇ ಇದೆ. ಅದಕ್ಕೇ ಮೂಲವನ್ನೇ ಸಬ್‌ಟೈಟಲ್ ಹಾಕಿಕೊಂಡು ನೋಡಿ ಅನ್ನುವುದು. ಸುಮಾರು ಮೂರು ಗಂಟೆ ಬೇಕು. ಉತ್ತರ ಕರ್ನಾಟಕದವರಿಗೆ ಸಬ್‌ಟೈಟಲ್ ಅರ್ಧ ಬೇಕಾಗಲಿಕ್ಕಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಅವರ ಜೊತೆ ಕೂತು ನೋಡಬೇಕು ಅಂದರೆ ಮೇಲಿನ ಯಾವುದೂ ಬೇಡ. 2011ರ 'ನೋಮಿಯೋ ಅಂಡ್ ಜೂಲಿಯೆಟ್' ಎಂಬ ಅನಿಮೇಷನ್ ಸಿನಿಮಾ ಇದೆ. ಅಕ್ಕಪಕ್ಕದ ಎರಡು ತೋಟಗಳ ಮಣ್ಣಿನ ಗೊಂಬೆಗಳ ಜಗಳ, ಎಲ್ಟನ್ ಜಾನ್ ಹಾಡುಗಳು. ನಡುವೆ ಗೊಂಬೆ ರೋಮಿಯೋ ಪಾರ್ಕಿನಲ್ಲಿರುವ ಶೇಕ್ಸ್‌ಪಿಯರ್ ಪ್ರತಿಮೆಯ ಜೊತೆ ಜಗಳಕ್ಕೆ ಬೀಳುತ್ತಾನೆ, ಕೊನೆ ಹೀಗಿರಬಾರದು ಎಂದು. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಯಾರೂ ಸಾಯುವುದಿಲ್ಲ. ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ 'ಸೈರಾಟ್' ತೋರಿಸಲು ಹಿಂಜರಿಯಬೇಡಿ. ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ನೀವೂ ಅವರ ಪಕ್ಕದಲ್ಲಿರಿ, ಮುಗಿದ ಮೇಲೆ ಅವರು ಕೇಳುವುದಕ್ಕೆಲ್ಲ ಉತ್ತರ ಹೇಳುವಷ್ಟು ಹೊತ್ತು ಇಟ್ಟುಕೊಳ್ಳಿ.